ಓದದೆ ಬಿಟ್ಟ ಸುದ್ದಿ

“ಏಳು ತಿಂಗಳ...” ಎಂದವಳೇ ರೇಡಿಯೊ ನಾಲಿಗೆ ಕಚ್ಚಿಕೊಂಡಳು.

ದಿನಾ ಪತ್ರಿಕೆ ಓದಿ ಹೇಳುವವಳೆಂದು ಕೋಣೆಯ ಹೆಂಗಸರು ಅವಳಿಗಿಟ್ಟ ಹೆಸರು ಅದು. ಓದುವಾಗ ಅವಳ ಕಣ್ಣು ಯಾವಾಗಲೂ ನಾಲಿಗೆಗಿಂತ ಅರ್ಧ ಸಾಲು ಮುಂದಿರುತ್ತಿತ್ತು. ಇವತ್ತು ಕಣ್ಣು ಕಂಡದ್ದನ್ನು ತಿಳಿಸುವಷ್ಟರಲ್ಲಿ ಬಾಯಿ ಎರಡು ಪದ ಉದುರಿಸಿಬಿಟ್ಟಿತ್ತು. ಪತ್ರಿಕೆಯ ಮೂರನೆಯ ಪುಟದ ಎಡಮೂಲೆಯಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: ಏಳು ತಿಂಗಳ ಗರ್ಭಿಣಿ ಫ್ಲೂ ಜ್ವರಕ್ಕೆ ಬಲಿ. ಎದುರಿನ ಹೊಲಿಗೆಯ ಬೆಂಚಿನ ಮೇಲೆ ಪುಟ್ಟಿ ದಾರಕ್ಕೆ ಮೇಣ ತೀಡುತ್ತಾ ಕೂತಿದ್ದಳು. ಅವಳಿಗೆ ಆರನೆಯ ತಿಂಗಳು ನಡೆಯುತ್ತಿತ್ತು.

“ಏಳು ತಿಂಗಳ ಏನು? ಆಮೇಲೇನು?” ಎಂದಿತು ಮೂಲೆಯಿಂದ ಒಂದು ದನಿ. ಅವಳ ಹೆಸರೇ ಆಮೇಲೇನು. ಮೂರು ಸಾಲಿಗೊಮ್ಮೆ ಹಾಗೆ ಕೇಳಿ ಕೇಳಿ ಸಂಪಾದಿಸಿದ ಹೆಸರು ಅದು.

“ಏಳು ತಿಂಗಳಾದ್ರೂ ಮಾರ್ಕೆಟ್ ಹಿಂದಿನ ಮೋರಿ ರಿಪೇರಿ ಆಗಿಲ್ವಂತೆ. ಜನ ಮೂಗು ಮುಚ್ಕೊಂಡು ಓಡಾಡ್ತಿದಾರಂತೆ,” ಎಂದಳು ರೇಡಿಯೊ, ಪುಟದ ಮೇಲಿಂದ ತಲೆ ಎತ್ತದೆ.

“ಅದನ್ನ ಹೇಳಕ್ಕೆ ಪೇಪರ್ ಯಾಕೆ ಬೇಕಿತ್ತು? ನಮ್ಮ ಮೂಗು ದಿನಾ ಹೇಳುತ್ತಲ್ಲ,” ಎಂದಳು ಅಂಟಿನ ಮೇಜಿನ ಬಳಿ ನಿಂತಿದ್ದ ಗೋಂದಮ್ಮ. ಕೋಣೆಯೆಲ್ಲ ನಕ್ಕಿತು. ಗೋಂದಮ್ಮನ ಮಗಳು ಪುಟ್ಟಿ ಎಲ್ಲರಿಗಿಂತ ಹೆಚ್ಚು ನಕ್ಕು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ರೇಡಿಯೊ ಕಡೆ ತಿರುಗಿ, “ಚಿಕ್ಕಮ್ಮಾ, ಸಾಕು, ಒಳಗಡೆ ಒದೀತಿದೆ,” ಎಂದಳು. ರೇಡಿಯೊ ಪುಟ ತಿರುಗಿಸಿ ಚಿನ್ನದ ದರಕ್ಕೆ ಹೋದಳು.

ಅದು ಪುಸ್ತಕ ಕಟ್ಟುವ ಕಾರ್ಖಾನೆಯ ಮಡಿಕೆ ಕೋಣೆ. ಯಂತ್ರಗಳೆಲ್ಲ ಕೆಳಗಿನ ಮಹಡಿಯಲ್ಲಿ. ಮೇಲೆ ಹದಿನಾಲ್ಕು ಹೆಂಗಸರು. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಚಿ, ಮರದ ಪಟ್ಟಿಯಿಂದ ಮಡಿಕೆ ತೀಡಿ, ಜೋಡಿಸಿ, ಹೊಲಿದು, ಬೆನ್ನಿಗೆ ಅಂಟು ಹಚ್ಚುವ ಕೆಲಸ. ಹತ್ತು ವರ್ಷ ಮಾಡಿದರೆ ಕೈಗೆ ತಲೆಯ ಹಂಗಿರುವುದಿಲ್ಲ. ಕೆಲಸವಿಲ್ಲದೆ ಕೂತಿರುವುದು ಕಿವಿಯೊಂದೇ. ಹಿಂದೆ ಯಾವುದೋ ಕಾಲದಲ್ಲಿ, ಆ ಬಿಡುವಾದ ಕಿವಿಗಳಿಂದಾಗಿ ದಿನಕ್ಕೊಂದು ಜಗಳ ಹುಟ್ಟುತ್ತಿತ್ತಂತೆ. ಅದಕ್ಕೆ ಹೆಂಗಸರೇ ಒಂದು ಪದ್ಧತಿ ಮಾಡಿಕೊಂಡರು. ಹತ್ತರಿಂದ ಹನ್ನೊಂದರವರೆಗೆ ಒಬ್ಬಳು ಪತ್ರಿಕೆ ಓದಬೇಕು. ಓದುವವಳ ಕೈ ನಿಲ್ಲುವುದರಿಂದ ಉಳಿದವರು ತಲಾ ಇಪ್ಪತ್ತು ಹಾಳೆ ಹೆಚ್ಚಿಗೆ ಮಡಚಿ ಅವಳ ರಾಶಿಗೆ ಸರಿಸಬೇಕು. ರೇಡಿಯೊ ಈ ಕೆಲಸಕ್ಕೆ ಬಂದು ಹದಿನೆಂಟು ವರ್ಷವಾಗಿತ್ತು. ಆ ಒಂದು ಗಂಟೆ ಅವಳಿಗೆ ಯಜಮಾನನಿರಲಿಲ್ಲ, ಹದಿಮೂರು ಯಜಮಾನಿಯರಿದ್ದರು.

ಯಜಮಾನಿಯರಿಗೆ ತಮ್ಮ ತಮ್ಮ ಅಪ್ಪಣೆಗಳಿದ್ದವು. ಮೊದಲು ಕೋರ್ಟು ಕಚೇರಿ, ಆಮೇಲೆ ಚಿನ್ನದ ದರ, ಆಮೇಲೆ ಧಾರಾವಾಹಿ ಕಾದಂಬರಿ. ಯಾರದೇ ಸಾವು ಇದ್ದರೂ ಅದೆಲ್ಲ ಮುಗಿದ ಮೇಲೆ. ಮೇಸ್ತ್ರಿ ಅಂಟಿನ ಹದ ನೋಡುವ ನೆಪ ಮಾಡಿಕೊಂಡು ಹನ್ನೊಂದಕ್ಕೆ ಐದು ನಿಮಿಷವಿರುವಾಗ ಮೇಲೆ ಬರುತ್ತಿದ್ದ, ಅವನಿಗಾಗಿ ದಿನಭವಿಷ್ಯ. ಅವನ ರಾಶಿಗೆ ಕೆಟ್ಟದಿದ್ದರೆ ರೇಡಿಯೊ ಪಕ್ಕದ ರಾಶಿಯದನ್ನು ಓದಿಬಿಡುತ್ತಿದ್ದಳು. ಹೆಂಗಸರಿಗೆಲ್ಲ ಅದು ಗೊತ್ತು. ಆ ಮನುಷ್ಯ ಮಾತ್ರ ಹೊಟ್ಟೆ ತುಂಬಿದವನಂತೆ ಮೆಟ್ಟಿಲಿಳಿದು ಹೋಗುತ್ತಿದ್ದ.

ಹೀಗೆ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಸುದ್ದಿಯನ್ನು ಆರಿಸಿ ಓದುವುದರಲ್ಲಿ ರೇಡಿಯೊಗೆ ಒಳಗೊಳಗೇ ಹೆಮ್ಮೆಯಿತ್ತು. ಯಾರ ಕಿವಿಗೆ ಏನು ಹಿತ, ಯಾರಿಗೆ ಯಾವುದು ಚುಚ್ಚುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಅದಕ್ಕೇ ಗೋಂದಮ್ಮ ಎರಡು ತಿಂಗಳ ಹಿಂದೆ ಅವಳನ್ನು ನಲ್ಲಿಯ ಹತ್ತಿರ ಹಿಡಿದು ನಿಲ್ಲಿಸಿದಾಗ ಅವಳು ಎರಡನೆಯ ಮಾತಾಡಿರಲಿಲ್ಲ.

“ನೋಡೇ, ನನ್ನ ಮಗಳ ಕಿವಿಗೆ ಕೆಟ್ಟ ಸುದ್ದಿ ಬೀಳೋದು ಬೇಡ,” ಎಂದಿದ್ದಳು ಗೋಂದಮ್ಮ, ಕೈಯ ಅಂಟನ್ನು ಉಗುರಿನಿಂದ ಕೆರೆಯುತ್ತಾ. “ಹೋದ ಸಲ ಐದು ತಿಂಗಳಿಗೆ ಕಳ್ಕೊಂಡಿದಾಳೆ. ಆವಾಗ ಬಂದೋರು ಹೋದೋರೆಲ್ಲ ಅವರಿಗೆ ಹಂಗಾಯ್ತು, ಇವರಿಗೆ ಹಿಂಗಾಯ್ತು ಅಂತ ಹೇಳಿ ಹೇಳೇ ಅವಳ ಜೀವ ಹಿಂಡಿದ್ರು. ಈ ಸಲ ಮನೇಲಿ ಟಿವಿಗೆ ಬಟ್ಟೆ ಮುಚ್ಚಿಟ್ಟಿದೀನಿ. ಸುದ್ದಿಗೆ ನೀನೊಬ್ಬಳಿದೀಯ, ಸಾಕು. ಅಂಥದ್ದೇನಾದ್ರೂ ಕಂಡ್ರೆ ಹಾರಿಸಿಬಿಡು. ನನಗೂ ಹೇಳ್ಬೇಡ.”

“ಅಷ್ಟೇ ತಾನೆ ಅಕ್ಕ? ಹಾರಿಸ್ತೀನಿ ಬಿಡು. ಅವಳೇನು ನಿನಗೊಬ್ಬಳಿಗೇ ಮಗಳಾ?”

ಮಾತಿಗೆ ಹೇಳಿದ್ದಲ್ಲ ಅದು. ಪುಟ್ಟಿ ಮೂರು ವರ್ಷದವಳಿದ್ದಾಗ ಅವಳಪ್ಪ ತೀರಿಕೊಂಡಿದ್ದ. ಗೋಂದಮ್ಮ ಅವಳನ್ನು ಕಾರ್ಖಾನೆಗೇ ತಂದು ಅಂಟಿನ ಮೇಜಿನ ಕೆಳಗೆ ಮಲಗಿಸುತ್ತಿದ್ದಳು. ರೇಡಿಯೊಗೆ ಮಕ್ಕಳಿರಲಿಲ್ಲ, ಗಂಡನೂ ಬಹಳ ದಿನ ಇರಲಿಲ್ಲ. ಹಾಳಾದ ಹಾಳೆಗಳ ಹಿಂಬದಿಯಲ್ಲಿ ಪುಟ್ಟಿಗೆ ಅಕ್ಷರ ತಿದ್ದಿಸಿದವಳು ಅವಳೇ. ಪುಟ್ಟಿ ಓದಲು ಕಲಿತಳೇ ಹೊರತು ಕೂತು ಓದುವ ತಾಳ್ಮೆ ಕಲಿಯಲಿಲ್ಲ. “ನೀವು ಓದಿದ್ರೆ ಸಿನಿಮಾ ನೋಡಿದಂಗಿರುತ್ತೆ, ಚಿಕ್ಕಮ್ಮ. ನಾನು ಓದಿದ್ರೆ ಸಾಮಾನಿನ ಚೀಟಿ ಓದಿದಂಗಿರುತ್ತೆ,” ಎನ್ನುತ್ತಿದ್ದಳು. ಅವಳ ಗಂಡ ಲಾರಿ ಓಡಿಸುತ್ತಿದ್ದ. ಒಮ್ಮೆ ಹೊರಟರೆ ಮೂರು ವಾರ ಪತ್ತೆಯಿರುತ್ತಿರಲಿಲ್ಲ. ಹಾಗಾಗಿ ಹೆಂಡತಿಯ ಬಸಿರನ್ನು ಸಾಕುವ ಕೆಲಸ ಈ ಇಬ್ಬರು ಹೆಂಗಸರದೇ ಆಗಿತ್ತು, ಮತ್ತು ಇಬ್ಬರೂ ಅದನ್ನು ತಮ್ಮ ತಮ್ಮ ಹೊಟ್ಟೆಯೊಳಗೇ ಇದೆಯೇನೋ ಎಂಬಂತೆ ಸಾಕುತ್ತಿದ್ದರು.

ಅಂದಿನಿಂದ ರೇಡಿಯೊ ಹೆರಿಗೆ, ಆಸ್ಪತ್ರೆ, ಅಪಘಾತ, ಜ್ವರ ಎಂಬ ಮಾತು ಕಂಡಲ್ಲೆಲ್ಲ ಜಿಗಿದಳು. ಜ್ವರದ ಸುದ್ದಿ ವಾರದಿಂದ ವಾರಕ್ಕೆ ಹಿಂದಿನ ಪುಟದಿಂದ ಮುಂದಿನ ಪುಟಕ್ಕೆ ಬರುತ್ತಿತ್ತು. “ಅಲ್ಲಲ್ಲಿ ನೆಗಡಿ ಕೆಮ್ಮು ಇದೆಯಂತೆ, ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೀಬೇಕಂತೆ,” ಎಂದು ಅವಳು ಅದನ್ನೆಲ್ಲ ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದಳು. ಕೈಯಲ್ಲಿ ಸದಾ ಅಂಟಿರುವ ಹೆಂಗಸರಿಗೆ ಕೈ ತೊಳೆಯಲು ಪತ್ರಿಕೆಯವರು ಹೇಳಬೇಕೆ ಎಂದು ಎಲ್ಲರೂ ನಗುತ್ತಿದ್ದರು. ಹೊರಗೆ ಯಾರಾದರೂ ಹೆಚ್ಚಿನದು ಕೇಳಿಸಿಕೊಂಡು ಬಂದಿದ್ದರೂ ಪುಟ್ಟಿಯ ಎದುರಿಗೆ ಬಾಯಿ ಬಿಡುತ್ತಿರಲಿಲ್ಲ. ಗೋಂದಮ್ಮನ ಕಣ್ಣಿಗೆ ಅಂಜದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಮೋರಿಯ ಸುದ್ದಿ ಓದಿದ ಆ ಮಂಗಳವಾರದಿಂದ ಮೂರು ವಾರ ಕಳೆದ ಮೇಲೆ ಆಮೇಲೇನು ಮೂಗು ಕೆಂಪಗೆ ಮಾಡಿಕೊಂಡು ಕೆಲಸಕ್ಕೆ ಬಂದಳು. “ಏನಿಲ್ಲ, ಸಣ್ಣ ನೆಗಡಿ,” ಎಂದಳು. ಗಾಳಿಗೆ ಹಾಳೆಗಳು ಹಾರುತ್ತವೆಂದು ಆ ಕೋಣೆಯ ಕಿಟಕಿಗಳನ್ನು ಯಾವತ್ತೂ ತೆಗೆಯುತ್ತಿರಲಿಲ್ಲ. ಅವಳು ದಿನವಿಡೀ ಪುಟ್ಟಿಯ ಪಕ್ಕದ ಬೆಂಚಿನಲ್ಲಿ ಕೂತು ಕೆಮ್ಮಿದಳು. ಎರಡು ದಿನ ಬಿಟ್ಟು ಪುಟ್ಟಿ ಸೂಜಿ ಕೆಳಗಿಟ್ಟು, “ಚಿಕ್ಕಮ್ಮ, ಮೈಯೆಲ್ಲ ಯಾರೋ ಬಡಿದಂಗಿದೆ,” ಎಂದು ಬೆಂಚಿನ ಮೇಲೆಯೇ ಮಗ್ಗುಲಾದಳು.

ಮೊದಲ ಎರಡು ದಿನ ಗೋಂದಮ್ಮ ಮನೆಯಲ್ಲೇ ಒದ್ದೆ ಬಟ್ಟೆ ಹಾಕಿದಳು. ಬಸುರಿಗೆ ಮಾತ್ರೆ ಕೊಡುವುದು ಹೇಗೆಂಬ ಅಂಜಿಕೆ. ಮೂರನೆಯ ದಿನ ಮಗಳು ಒಂದು ವಾಕ್ಯವನ್ನು ಎರಡು ಉಸಿರಿನಲ್ಲಿ ಹೇಳತೊಡಗಿದಾಗ ಅವಳು ರೇಡಿಯೊಗೆ ಹೇಳಿಕಳಿಸಿದಳು. ಇಬ್ಬರೂ ಸೇರಿ ಅವಳನ್ನು ದೊಡ್ಡಾಸ್ಪತ್ರೆಗೆ ತಂದರು. ಅಲ್ಲಿ ಮಂಚಗಳು ಸಾಲದೆ ಪಡಸಾಲೆಯಲ್ಲೂ ಹಾಸಿಗೆ ಹಾಸಿದ್ದರು. ಪುಟ್ಟಿಯನ್ನು ಮಾತ್ರ ಹೊಟ್ಟೆ ನೋಡಿದ ಕೂಡಲೇ ಒಳಗೆ ಕರೆದೊಯ್ದರು. ಇವರನ್ನು ಬಾಗಿಲಲ್ಲೇ ತಡೆದರು.

ಸಂಜೆಯ ಹೊತ್ತಿಗೆ ಒಬ್ಬ ಡಾಕ್ಟರಮ್ಮ ಹೊರಗೆ ಬಂದಳು. ಸಣ್ಣ ವಯಸ್ಸು, ಪುಟ್ಟಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ನಿದ್ದೆಗೆಟ್ಟ ಕಣ್ಣು, ಮೂಗಿನ ಮೇಲೆ ಮಾಸ್ಕಿನ ಗೆರೆ.

“ಎರಡೂ ಶ್ವಾಸಕೋಶಕ್ಕೆ ಇಳಿದಿದೆ. ನಾವು ಮಾಡೋದೆಲ್ಲ ಮಾಡ್ತಿದೀವಿ,” ಎಂದಳು. ಕೈಯಲ್ಲಿದ್ದ ಕಾಗದ ನೋಡಿ, “ಲಸಿಕೆ ಹಾಕಿಸಿಲ್ವಾ?” ಎಂದು ಕೇಳಿದಳು.

“ಯಾವ ಲಸಿಕೆ?”

“ಈ ಜ್ವರಕ್ಕೇ ಅಂತ ಬಸುರಿಯರಿಗೆ ಉಚಿತವಾಗಿ ಹಾಕಿದ್ರಲ್ಲಮ್ಮ, ಹೋದ ತಿಂಗಳು. ಪೇಪರಲ್ಲೆಲ್ಲ ಬಂದಿತ್ತು.”

“ಇಲ್ಲ ಡಾಕ್ಟ್ರೇ,” ಎಂದಳು ಗೋಂದಮ್ಮ. ಅವಳ ದನಿ ಗಟ್ಟಿಯಾಗಿತ್ತು. “ಪೇಪರಲ್ಲಿ ಬಂದಿರಲಿಲ್ಲ. ನಮ್ಮಲ್ಲಿ ದಿನಾ ಪೇಪರ್ ಓದ್ತಾರೆ. ಮೊದಲ ಪುಟದಿಂದ ಕೊನೇ ಪುಟದ ತನಕ. ಬಂದಿದ್ರೆ ನನಗೆ ಗೊತ್ತಾಗ್ತಿತ್ತು. ಬೇಕಾದ್ರೆ ಇವಳನ್ನೇ ಕೇಳಿ, ಓದೋಳು ಇವಳೇ. ಒಂದಕ್ಷರ ಬಿಡೋಳಲ್ಲ.”

ಡಾಕ್ಟರಮ್ಮ ರೇಡಿಯೊ ಕಡೆ ನೋಡಿದಳು. ಗೋಂದಮ್ಮನೂ ನೋಡಿದಳು. ಹದಿನೆಂಟು ವರ್ಷ ಒಂದು ಕೋಣೆಗೆಲ್ಲ ಕೇಳಿಸುವಂತೆ ಓದಿದ ಗಂಟಲಿನಿಂದ ಒಂದು ‘ಹೂಂ’ ಕೂಡ ಬರಲಿಲ್ಲ. ಡಾಕ್ಟರಮ್ಮನಿಗೆ ಅದಕ್ಕೆ ಕಾಯುವಷ್ಟು ಪುರುಸೊತ್ತಿರಲಿಲ್ಲ. “ಆಯ್ತು, ಇಲ್ಲೇ ಇರಿ, ಕರೀತೀವಿ,” ಎಂದು ಒಳಗೆ ಹೋದಳು.

“ನೋಡ್ದ್ಯಾ, ತಪ್ಪೆಲ್ಲ ನಮ್ಮ ತಲೆಗೆ ಕಟ್ಟಕ್ಕೆ ನೋಡ್ತಾರೆ,” ಎಂದಳು ಗೋಂದಮ್ಮ. ರೇಡಿಯೊ ತಲೆಯಾಡಿಸಿದಳು.

ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ, ಅದನ್ನೂ ಹೇಳಬೇಕು. ಎಷ್ಟು ಸುದ್ದಿಗಳನ್ನು ಹಾರಿಸಿದ್ದಳೆಂಬ ಲೆಕ್ಕ ಅವಳಲ್ಲಿರಲಿಲ್ಲ. ಹಾರಿಸಿದ ಸುದ್ದಿಯೊಳಗೆ ಏನಿತ್ತೆಂದು ಅವಳು ನೋಡಿಯೂ ಇರಲಿಲ್ಲ, ತಲೆಬರಹ ಕಂಡ ಕೂಡಲೇ ಕಣ್ಣು ಕಿತ್ತುಕೊಳ್ಳುತ್ತಿದ್ದಳು. ಲಸಿಕೆಯ ಸುದ್ದಿ ಬೇರೆ ಪತ್ರಿಕೆಯಲ್ಲಿ ಬಂದಿರಬಹುದು, ತಮ್ಮದರಲ್ಲಿ ಬಾರದೆಯೂ ಇದ್ದಿರಬಹುದು. ಆಸ್ಪತ್ರೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು ಅವಳು ಅದನ್ನೇ ಜಪದಂತೆ ಹೇಳಿಕೊಂಡಳು.

ಬೆಳಕು ಹರಿದ ಮೇಲೆ, ಮುಖ ತೊಳೆದು ಬರುತ್ತೇನೆಂದು ಗೋಂದಮ್ಮನಿಗೆ ಹೇಳಿ, ನೆಟ್ಟಗೆ ಕಾರ್ಖಾನೆಗೆ ನಡೆದಳು. ಕೆಲಸಕ್ಕೆ ಇನ್ನೂ ಒಂದು ಗಂಟೆಯಿತ್ತು. ಕಾವಲುಗಾರನಿಂದ ಬೀಗದ ಕೈ ಇಸಿದುಕೊಂಡು ಮಡಿಕೆ ಕೋಣೆಯನ್ನು ತೆಗೆದಳು. ಓದಿ ಮುಗಿದ ಪತ್ರಿಕೆ ಅಲ್ಲಿ ಯಾರ ಮನೆಗೂ ಹೋಗುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಅದನ್ನು ಗೋಂದಮ್ಮನ ಮೇಜಿನ ಮೇಲೆ, ನಿನ್ನೆಯದರ ಮೇಲೆ ಹಾಸುವುದು ರೂಢಿ. ದಿನದ ಅಂಟೆಲ್ಲ ಅದರ ಮೇಲೆ ಸೋರುತ್ತಿತ್ತು. ಹಾಗೆ ಪದರದ ಮೇಲೆ ಪದರ ಬೆಳೆದು, ಅಂಗೈ ದಪ್ಪದ ರಟ್ಟಾದ ಮೇಲೆ ಒಟ್ಟಿಗೆ ಕಿತ್ತು ಒಲೆಗೆ ಹಾಕುತ್ತಿದ್ದರು. ಈ ಸಲದ್ದನ್ನು ಇನ್ನೂ ಕಿತ್ತಿರಲಿಲ್ಲ.

ಅವಳು ಬಕೆಟ್ಟಿನಲ್ಲಿ ನೀರು ತಂದು ಬಟ್ಟೆ ಅದ್ದಿ ಮೇಜಿನ ಮೇಲೆ ಹಾಸಿದಳು. ನೆನೆಯಲು ಬಿಟ್ಟು, ಮಡಿಕೆ ತೀಡುವ ಮರದ ಪಟ್ಟಿಯನ್ನು ಅಂಚಿನಡಿ ತೂರಿಸಿ ಒಂದೊಂದೇ ದಿನವನ್ನು ಎಬ್ಬಿಸತೊಡಗಿದಳು. ನಿನ್ನೆ, ಮೊನ್ನೆ, ಆಚೆ ಮೊನ್ನೆ. ಕೆಲವು ಇಡಿಯಾಗಿ ಬಂದವು, ಕೆಲವು ಚೂರುಚೂರಾದವು. ಅಂಟಿನ ಹುಳಿ ವಾಸನೆ ಮೂಗಿಗೆ ಅಡರಿತು. ತಾನು ಜಿಗಿದು ದಾಟಿದ ಸುದ್ದಿಗಳೆಲ್ಲ ಒಂದೊಂದಾಗಿ ಮೇಲೆದ್ದು ಬಂದವು: ಶಾಲೆಗಳಿಗೆ ರಜೆ, ಆಸ್ಪತ್ರೆಗಳಲ್ಲಿ ಜಾಗವಿಲ್ಲ, ಜ್ವರಕ್ಕೆ ಮತ್ತೆ ಇಬ್ಬರು. ಮೋರಿಯ ಮಂಗಳವಾರ ಸಿಕ್ಕಾಗ ಅವಳ ಬೆರಳ ತುದಿಗಳು ನೀರಿಗೆ ಬಿಳಿಚಿ ಸುಕ್ಕುಗಟ್ಟಿದ್ದವು. ಮೂರನೆಯ ಪುಟ ಅದೃಷ್ಟಕ್ಕೋ ದುರದೃಷ್ಟಕ್ಕೋ ಮೇಲ್ಮುಖವಾಗಿತ್ತು.

ತಲೆಬರಹದ ಕೆಳಗೆ ನಾಲ್ಕು ಪ್ಯಾರಾಗಳಿದ್ದವು. ಮೊದಲ ಮೂರರಲ್ಲಿ ತೀರಿಕೊಂಡ ಹೆಂಗಸಿನ ವಿಷಯ. ನಾಲ್ಕನೆಯದು ಅಧಿಕಾರಿಗಳ ಪ್ರಕಟಣೆ. ಜೋರಾಗಿ ಓದಿ ಅಭ್ಯಾಸವಾದವಳು, ಇದನ್ನೂ ತುಟಿಯಲ್ಲೇ ಓದಿದಳು. ಗರ್ಭಿಣಿಯರಿಗೆ, ಉಚಿತ, ಶನಿವಾರದವರೆಗೆ. ಲಸಿಕೆ ಪರಿಣಾಮ ಬೀರಲು ಎರಡು ವಾರ ಬೇಕು. ಅವಳು ಬೆರಳು ಮಡಚಿ ಎಣಿಸಿದಳು. ಆ ಮಂಗಳವಾರದಿಂದ ಪುಟ್ಟಿ ಬೆಂಚಿನ ಮೇಲೆ ಮಗ್ಗುಲಾದ ದಿನದವರೆಗೆ ಇಪ್ಪತ್ತಮೂರು ದಿನ. ಇನ್ನೊಮ್ಮೆ ಎಣಿಸಿದರೂ ಇಪ್ಪತ್ತಮೂರೇ. ಆಮೇಲೆ ಆ ಸುದ್ದಿಯಷ್ಟನ್ನು ಸುತ್ತಲೂ ಬಿಡಿಸಿ, ಎರಡು ಒಣ ಹಾಳೆಗಳ ನಡುವೆ ಒತ್ತಿ, ಚೀಲದಲ್ಲಿಟ್ಟುಕೊಂಡಳು.

ಅದೇ ದಿನ ಮಧ್ಯಾಹ್ನ ಮಗುವನ್ನು ಹೊರತೆಗೆದರು. ಗಂಡು ಮಗು, ಅಳಲೇ ಇಲ್ಲ, ಉಸಿರಿರಲಿಲ್ಲ. ಪುಟ್ಟಿಗೆ ಅದು ತಿಳಿಯಲೂ ಇಲ್ಲ. ಎರಡು ದಿನ ಯಂತ್ರ ಅವಳ ಪರವಾಗಿ ಉಸಿರಾಡಿತು. ಮೂರನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಡಾಕ್ಟರಮ್ಮ ಬಂದು ಗೋಂದಮ್ಮನ ಭುಜದ ಮೇಲೆ ಕೈಯಿಟ್ಟಳು. ಗೋಂದಮ್ಮ ಅವಳ ಮುಖವನ್ನೇ ನೋಡುತ್ತಾ, “ಪೇಪರಲ್ಲಿ ಬಂದಿರಲಿಲ್ಲ ಡಾಕ್ಟ್ರೇ,” ಎಂದಳು.

ಆ ಮಾತು ಅವಳ ಬಾಯಲ್ಲಿ ಹಾಗೇ ಉಳಿದುಹೋಯಿತು. ಬಂದವರಿಗೆಲ್ಲ ಅದನ್ನೇ ಹೇಳಿದಳು. ಲಾರಿ ನಿಲ್ಲಿಸಿ ಓಡಿಬಂದ ಅಳಿಯ ಗೋಡೆಗೆ ಹಣೆ ಚಚ್ಚಿಕೊಂಡಾಗ ಅವನಿಗೂ ಹೇಳಿದಳು. “ಬಂದಿದ್ರೆ ನಾನು ಕರ್ಕೊಂಡು ಹೋಗ್ತಿರಲಿಲ್ವೇನಪ್ಪ? ಎತ್ಕೊಂಡಾದ್ರೂ ಹೋಗ್ತಿದ್ದೆ. ಬರಲಿಲ್ಲ ನೋಡು.” ನಿಂತ ನೆಲ ಕುಸಿದವಳಿಗೆ ಕಾಲೂರಲು ಉಳಿದದ್ದು ಅದೊಂದೇ. ರೇಡಿಯೊ ದಿನವೂ ಸಂಜೆ ಗಂಜಿ ಮಾಡಿಕೊಂಡು ಹೋಗಿ ಅವಳಿಗೆ ಕುಡಿಸಿ ಬರುತ್ತಿದ್ದಳು. ದಿನವೂ ಆ ಮಾತನ್ನು ಕೇಳುತ್ತಿದ್ದಳು. ಚೀಲ ಅವಳ ಹೆಗಲಲ್ಲೇ ಇರುತ್ತಿತ್ತು.

ಕಾರ್ಖಾನೆಯಲ್ಲಿ ಓದು ನಿಲ್ಲಲಿಲ್ಲ, ಆದರೆ ಓದುವವಳು ಬದಲಾಗಿದ್ದಳು. ಮೊದಲ ಪುಟದ ಮೊದಲ ಅಕ್ಷರದಿಂದ ಹಿಡಿದು, ಸಾವು ನೋವು, ಬಿದ್ದವರು ಮುಳುಗಿದವರು, ಟೆಂಡರು ಪ್ರಕಟಣೆ, ಕಳೆದುಹೋದ ಕಾಗದಪತ್ರ, ನೀರು ಬಾರದ ಬೀದಿಗಳ ಪಟ್ಟಿ, ಯಾವುದನ್ನೂ ಬಿಡುತ್ತಿರಲಿಲ್ಲ. ದನಿಯಲ್ಲಿ ಏರಿಳಿತವಿರಲಿಲ್ಲ. ಧಾರಾವಾಹಿಗೆ ಬರುವಷ್ಟರಲ್ಲಿ ಗಂಟೆ ಹನ್ನೊಂದಾಗಿರುತ್ತಿತ್ತು. ಒಂದು ದಿನ ಯಾವುದೋ ಸೇತುವೆಯ ಟೆಂಡರನ್ನು ಎರಡು ಕಾಲಂ ಓದಿದಾಗ ಕನ್ನಡಕದ ಹೆಂಗಸು ತಡೆಯಲಾರದೆ, “ಏನೇ ಇದು, ನಾವೇನು ಸೇತುವೆ ಕಟ್ಟಬೇಕಾ?” ಎಂದಳು.

“ಯಾರಿಗಾದ್ರೂ ಬೇಕಾಗಿರುತ್ತೆ. ನನಗೇನು ಗೊತ್ತು?” ಎಂದಳು ರೇಡಿಯೊ.

ಮೇಸ್ತ್ರಿಗೂ ಅವನ ರಾಶಿಯದನ್ನೇ ಓದಿದಳು. ಧನಹಾನಿ, ಬಂಧುವಿರೋಧ, ಕಾಲುನೋವು. ಅವನು ಮುಖ ಸಣ್ಣ ಮಾಡಿಕೊಂಡು, “ರೇಡಿಯೊ ಕೆಟ್ಟಿದೆ ಕಣ್ರಮ್ಮ,” ಎಂದು ಕೆಳಗಿಳಿದು ಹೋದ. ಆಮೇಲೇನು ಈಗ ಏನನ್ನೂ ಕೇಳುತ್ತಿರಲಿಲ್ಲ. ತನ್ನ ಕೆಮ್ಮಿನದೇ ಇದೆಲ್ಲ ಎಂದು ಅವಳು ಹಾಳೆಗಳ ಹಿಂದೆ ಮುಖ ಮರೆಸಿಕೊಂಡು ಅಳುತ್ತಿದ್ದಳು. ಅವಳನ್ನು ಸಮಾಧಾನ ಮಾಡುವ ಮಾತು ರೇಡಿಯೊ ಒಬ್ಬಳಲ್ಲೇ ಇತ್ತು. ಅವಳು ಅದನ್ನೂ ಆಡಲಿಲ್ಲ.

ಹದಿನೇಳನೆಯ ದಿನ ಗೋಂದಮ್ಮ ಕೆಲಸಕ್ಕೆ ಬಂದಳು. ಯಾರ ಮುಖವನ್ನೂ ನೋಡದೆ ಹಿಟ್ಟು ಕಲಸಿ, ಬೇಯಿಸಿ, ಅಂಟು ತಿರುವಿದಳು. ಹೊಲಿಗೆಯ ಬೆಂಚಿನ ಕಡೆಗೆ ಬೆನ್ನು ಮಾಡಿ ನಿಂತಳು. ಊಟದ ಹೊತ್ತಿಗೆ ಉಳಿದವರೆಲ್ಲ ಡಬ್ಬಿ ಹಿಡಿದು ಅಂಗಳಕ್ಕೆ ಇಳಿದಾಗ ಅವಳು ರೇಡಿಯೊ ಎದುರಿಗೆ ಬಂದು ಕೂತಳು. ಕೈಯಲ್ಲಿ ಒಂದು ಬಿಳಿ ಹಾಳೆ, ಮೇಸ್ತ್ರಿಯ ಹತ್ತಿರ ಇಸಿದುಕೊಂಡ ಪೆನ್ನು.

“ನಿನ್ನ ಅಕ್ಷರ ಚೆನ್ನಾಗಿದೆ. ಒಂದು ಕಾಗದ ಬರಿ.”

“ಯಾರಿಗೆ ಅಕ್ಕ?”

“ಪೇಪರಿನೋರಿಗೆ. ಯಾಕೆ ಹಾಕಲಿಲ್ಲ ಅಂತ ಕೇಳಿ ಬರಿ. ಊರೋರ ಸುದ್ದಿಯೆಲ್ಲ ಹಾಕ್ತೀರಿ, ಮೋರಿ ಸುದ್ದಿ ಹಾಕ್ತೀರಿ, ಇದನ್ನ ಯಾಕೆ ಹಾಕಲಿಲ್ಲ ಅಂತ ಬರಿ. ಹೋದೋಳು ಬರಲ್ಲ, ನನಗೂ ಗೊತ್ತು. ಇನ್ನೊಬ್ಬರ ಮಗಳಿಗೆ ಹಂಗಾಗಬಾರದಲ್ಲ. ಹೂಂ, ಬರಿ.”

ರೇಡಿಯೊ ಹಾಳೆ ಎಳೆದುಕೊಂಡಳು. ‘ಸಂಪಾದಕರಿಗೆ’ ಎಂದು ಬರೆದಳು. ‘ತಮ್ಮ ಪತ್ರಿಕೆಯನ್ನು ನಾವು ಹದಿನೆಂಟು ವರ್ಷಗಳಿಂದ ಓದುತ್ತಿದ್ದೇವೆ’ ಎಂದು ಬರೆದಳು. ಮುಂದೆ ಪೆನ್ನು ಹೋಗಲಿಲ್ಲ. ಬರೆದುಬಿಡಬಹುದಿತ್ತು. ಬರೆದು, ಮಡಚಿ, ಅಂಚೆಗೆ ಹಾಕುತ್ತೇನೆಂದು ಹೇಳಿ ಇಟ್ಟುಕೊಂಡುಬಿಟ್ಟರೆ ಯಾರಿಗೆ ತಿಳಿಯುತ್ತದೆ? ಪೇಪರಿನವರು ಉತ್ತರ ಕೊಡಲಿಲ್ಲ ಅಕ್ಕ, ದೊಡ್ಡವರು, ನಮಗೆಲ್ಲಿ ಕೊಡ್ತಾರೆ ಎಂದರಾಯಿತು. ಗೋಂದಮ್ಮ ಅದನ್ನೂ ನಂಬುತ್ತಾಳೆ. ಅವಳಿಗೆ ಬದುಕಲು ಬೈಯಲೊಬ್ಬರು ಸಿಕ್ಕಂತಾಗುತ್ತದೆ. ಯಾರಿಗೂ ಕೇಡಿಲ್ಲ. ಹಾರಿಸುವುದು ತನಗೆ ಹೊಸದೂ ಅಲ್ಲ.

“ಯಾಕೆ ನಿಲ್ಲಿಸ್ದೆ?”

“ಅಕ್ಕ.” ರೇಡಿಯೊ ಪೆನ್ನು ಕೆಳಗಿಟ್ಟಳು. “ಬಂದಿತ್ತು.”

“ಏನು?”

“ಸುದ್ದಿ. ನಮ್ಮ ಪೇಪರಲ್ಲೇ ಬಂದಿತ್ತು. ಆವತ್ತು ಮಂಗಳವಾರ ಮೋರಿ ಸುದ್ದಿ ಓದಿದ್ನಲ್ಲ, ಆ ಸುದ್ದಿ ಇರಲೇ ಇಲ್ಲ. ನಾನು ಕಟ್ಟಿ ಹೇಳಿದ್ದು. ಅಲ್ಲಿ ಇದ್ದಿದ್ದು ಇದು.”

ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಅಂಟು ಒಣಗಿ ಕಾಗದ ಸೆಟೆದುಕೊಂಡಿತ್ತು, ಬಣ್ಣ ಹಳದಿಗೆ ತಿರುಗಿತ್ತು. ನೀನೇ ಹಾರಿಸು ಅಂದಿದ್ದೆಯಲ್ಲ ಅಕ್ಕ ಎಂಬ ಮಾತು ಗಂಟಲ ತನಕ ಬಂದಿತ್ತು. ಹದಿನೇಳು ದಿನದಿಂದ ಅವಳು ಅದನ್ನು ಎಷ್ಟೋ ಸಲ ಮನಸ್ಸಿನಲ್ಲಿ ಆಡಿ ನೋಡಿದ್ದಳು. ಈಗ ನುಂಗಿಕೊಂಡಳು. ಗೋಂದಮ್ಮ ಕೂಗಾಡಬಹುದು, ಎದ್ದು ಕೆನ್ನೆಗೆ ಬಾರಿಸಬಹುದು ಎಂದು ಕಾದಳು. ಬಾರಿಸಿದ್ದರೆ ಚೆನ್ನಾಗಿತ್ತು.

ಗೋಂದಮ್ಮ ಆ ಚೂರನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

“ಓದು,” ಎಂದಳು.

“ಅಕ್ಕ...”

“ಪೂರ್ತಿ ಓದು. ಏನೂ ಬಿಡಬೇಡ.”

ರೇಡಿಯೊ ಓದಿದಳು. ತಲೆಬರಹ ಓದಿದಳು, ತೀರಿಕೊಂಡ ಆ ಹೆಂಗಸಿನ ವಯಸ್ಸು ಓದಿದಳು, ಅವಳಿಗೆ ನಾಲ್ಕು ವರ್ಷದ ಇನ್ನೊಂದು ಮಗುವಿದೆ ಎಂಬುದನ್ನು ಓದಿದಳು. ನಾಲ್ಕನೆಯ ಪ್ಯಾರಾಕ್ಕೆ ಬಂದಾಗ ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. “ಈ ಹಿನ್ನೆಲೆಯಲ್ಲಿ ಗರ್ಭಿಣಿಯರಿಗೆ ಹಾಗೂ ಅರವತ್ತು ವರ್ಷ ಮೀರಿದವರಿಗೆ ಶನಿವಾರದವರೆಗೆ ಉಚಿತವಾಗಿ ಲಸಿಕೆ ಹಾಕಲಾಗುವುದು. ಲಸಿಕೆಯಿಂದ ತಾಯಿಗಾಗಲಿ ಮಗುವಿಗಾಗಲಿ ಅಪಾಯವಿಲ್ಲ. ಪರಿಣಾಮ ಬೀರಲು ಎರಡು ವಾರ ಬೇಕಾಗುವುದರಿಂದ ಸಾರ್ವಜನಿಕರು ತಡಮಾಡದೆ ಬರಬೇಕು. ಸ್ಥಳ, ಹಳೆಯ ಗ್ರಂಥಾಲಯದ ಪಕ್ಕದ ಆರೋಗ್ಯ ಕೇಂದ್ರ. ಸಮಯ...”

“ಹಳೇ ಗ್ರಂಥಾಲಯದ ಪಕ್ಕದ್ದಾ?”

“ಹೂಂ ಅಕ್ಕ.”

“ಎಷ್ಟು ಹೊತ್ತಿಗೆ ಬಾಗಿಲು ತೆಗೀತಾರಂತೆ?”

ರೇಡಿಯೊ ಕಾಗದ ನೋಡಿದಳು. “ಬೆಳಿಗ್ಗೆ ಒಂಬತ್ತಕ್ಕೆ.”

ಗೋಂದಮ್ಮ ತಲೆಯಾಡಿಸಿದಳು. ನಾಳೆ ಹೋಗಬೇಕಾದವಳು ಕೇಳಿ ತಿಳಿದುಕೊಂಡಂತಿತ್ತು ಅದು. ಕೆಳಗೆ ಅಂಗಳದಲ್ಲಿ ಯಾರೋ ನಲ್ಲಿ ಬಿಟ್ಟರು, ಡಬ್ಬಿ ತೊಳೆಯುವ ಸದ್ದು ಕೇಳಿತು.

“ನಾವು ಆ ಹೊತ್ತಿಗೇ ಅಲ್ಲಿ ಹಾದು ಬರ್ತಿದ್ವಿ,” ಎಂದಳು. “ಕೆಲಸಕ್ಕೆ ಬರೋ ದಾರಿ ಅದೇ ತಾನೆ. ಆ ವಾರ ದಿನಾ ಸಾಲು ನಿಂತಿರ್ತಿತ್ತು. ಹೆಚ್ಚಿನೋರು ಬಸುರಿಯರೇ. ಒಂದಿನ ಪುಟ್ಟಿ ನಿಂತ್ಕೊಂಡು ಕೇಳಿದಳು, ಅಮ್ಮಾ, ಇವರೆಲ್ಲ ಯಾಕೆ ನಿಂತಿದಾರೆ, ಹೋಗಿ ಕೇಳ್ಲಾ ಅಂತ.” ಅವಳು ಬೆರಳಿನ ಅಂಟನ್ನು ಉಗುರಿನಿಂದ ಕೆರೆದಳು. “ಆಸ್ಪತ್ರೆ ಮುಂದೆ ನಿಲ್ಲಬಾರದು, ಆ ಕಡೆ ನೋಡಬೇಡ, ನಡಿ ಅಂತ ನಾನು ಕೈ ಹಿಡಿದು ಎಳ್ಕೊಂಡು ಬಂದೆ.”

ರೇಡಿಯೊ ಬಾಯಿಗೆ ಮುಷ್ಟಿ ಒತ್ತಿಕೊಂಡು ಅತ್ತಳು. ಗೋಂದಮ್ಮ ಅಳಲಿಲ್ಲ. ಎರಡು ಸಾಲು ಬರೆದಿದ್ದ ಬಿಳಿ ಹಾಳೆಯನ್ನು ಪಕ್ಕಕ್ಕೆ ಸರಿಸಿ, ಸೆಟೆದುಕೊಂಡಿದ್ದ ಆ ಚೂರನ್ನು ತನ್ನ ಮುಂದಕ್ಕೆ ಎಳೆದುಕೊಂಡಳು. ಎಡಗೈಯಿಂದ ಅದರ ಮೂಲೆಯನ್ನು ಒತ್ತಿ ಹಿಡಿದಳು.

“ಇನ್ನೊಂದ್ಸಲ ಓದು,” ಎಂದಳು. “ಮೊದಲಿಂದ. ನಿಧಾನಕ್ಕೆ.”

ರೇಡಿಯೊ ಕಣ್ಣೊರೆಸಿಕೊಂಡು ಓದಿದಳು. ಗೋಂದಮ್ಮ ಅಂಟು ಒಣಗಿದ ತೋರುಬೆರಳನ್ನು ಮೊದಲ ಅಕ್ಷರದ ಕೆಳಗಿಟ್ಟು, ದನಿಯ ಜೊತೆ ಒಂದೊಂದೇ ಅಕ್ಷರ ಸರಿಸುತ್ತಾ ಹೋದಳು. ಓದು ಮುಗಿದಾಗ ಅವಳ ಬೆರಳು ಇನ್ನೂ ಎರಡನೆಯ ಸಾಲಿನಲ್ಲಿತ್ತು.